ಅಧಿಕಾರದಲ್ಲಿರುವ ಅಧ್ಯಕ್ಷರನ್ನು ಎದುರಿಸುವ ಬಗೆ: ಶ್ರೀಲಂಕಾ, 2015

2014ರ ನವೆಂಬರ್ 20ರಂದು ಶ್ರೀಲಂಕಾದ ಅಧ್ಯಕ್ಷ ಮಹಿಂದ ರಾಜಪಕ್ಸ ಅವರು ತಮ್ಮ ಅವಧಿ ಮುಗಿಯಲು ಇನ್ನೂ ಎರಡು ವರ್ಷ ಇರುವಾಗಲೇ ಚುನಾವಣೆಗೆ ಹೋಗುವ ಘೋಷಣೆ ಹೊರಡಿಸಿದರು. ಸರಿಯಾಗಿ ಏಳು ವಾರಗಳ ನಂತರ, 2015ರ ಜನವರಿ 8ರಂದು ಮತದಾನ ನಡೆಯಿತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ಸೋಲೊಪ್ಪಿಕೊಂಡು ಅಧಿಕೃತ ನಿವಾಸವಾದ ಟೆಂಪಲ್ ಟ್ರೀಸ್ ಬಿಟ್ಟು ಹೊರಟಿದ್ದರು. 1978ರ ಸಂವಿಧಾನದ ಅಡಿಯಲ್ಲಿ ಮರು ಆಯ್ಕೆ ಬಯಸಿ ಕಣಕ್ಕಿಳಿದ ಅಧ್ಯಕ್ಷರೊಬ್ಬರು ಸೋತದ್ದು ಅದೇ ಮೊದಲು. ಸೋಲಿಸಿದವರು, ಚುನಾವಣೆ ಘೋಷಣೆಯಾದ ದಿನದವರೆಗೂ ಅವರದೇ ಸಂಪುಟದ ಆರೋಗ್ಯ ಸಚಿವರೂ ಅವರದೇ ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಆಗಿದ್ದ ಮೈತ್ರಿಪಾಲ ಸಿರಿಸೇನ.

ಅಧಿಕಾರದಲ್ಲಿರುವ ಅಧ್ಯಕ್ಷರ ವಿರುದ್ಧ ಪ್ರಚಾರವನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆಗೆ ಈ ಪ್ರಕರಣ ವಿಶೇಷವಾಗಿ ಒದಗಿಬರುವುದಕ್ಕೆ ಕಾರಣವಿದೆ. ಇದೇ ರಾಜಪಕ್ಸ ಅವರನ್ನು ಇದೇ ವಿರೋಧ ಪಕ್ಷಗಳು, ಹೆಚ್ಚುಕಡಿಮೆ ಇದೇ ಮೈತ್ರಿಕೂಟದೊಂದಿಗೆ, ಇದೇ ಹಂಸದ ಚಿಹ್ನೆಯಡಿ 2010ರಲ್ಲಿಯೂ ಎದುರಿಸಿ ಹೀನಾಯವಾಗಿ ಸೋತಿದ್ದವು. ಎದುರಾಳಿ ಒಬ್ಬರೇ, ಸಂವಿಧಾನ ಬಹುಮಟ್ಟಿಗೆ ಅದೇ, ಸರ್ಕಾರಿ ಮಾಧ್ಯಮಗಳ ಮೇಲೆ ಆಳುವವರ ಹಿಡಿತವೂ ಅದೇ. ಬದಲಾದದ್ದರಲ್ಲಿ ಮುಖ್ಯವಾದದ್ದು, ಮತದಾರನ ಮುಂದೆ ಇಡಲಾದ ಪ್ರಶ್ನೆ. ಈ ಎರಡು ಪ್ರಚಾರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮುಖ್ಯವಾಗಿ ಕಾಣುವ ಅಂಶ ಒಂದೇ: ಹಾಲಿ ಅಧ್ಯಕ್ಷರಿಗೆ ಹಿಂದೊಮ್ಮೆ ಮನಸಾರೆ ಮತ ಹಾಕಿದವನು, ಆ ಮತ ತಪ್ಪಾಗಿತ್ತೆಂದು ಒಪ್ಪಿಕೊಳ್ಳುವ ಅಗತ್ಯವೇ ಬೀಳದೆ ಈ ಬಾರಿ ಬೇರೆ ಚಿಹ್ನೆಗೆ ಗುರುತು ಹಾಕಲು ಆಗುವಂತಹ ದಾರಿಯನ್ನು ಸಿರಿಸೇನ ಅವರ ಪ್ರಚಾರ ತೆರೆದಿತ್ತು; 2010ರ ಅಭ್ಯರ್ಥಿ ಶರತ್ ಫೊನ್ಸೇಕ ಅವರ ಪ್ರಚಾರ ತೆರೆದಿರಲಿಲ್ಲ.

2010: ಗೆಲುವಿನ ಮಾಲೀಕತ್ವದ ಜಗಳ

2009ರ ಮೇ ತಿಂಗಳಲ್ಲಿ ಎಲ್‌ಟಿಟಿಇ ಸಂಪೂರ್ಣವಾಗಿ ನಾಶವಾಗಿ, ಇಪ್ಪತ್ತಾರು ವರ್ಷಗಳ ಯುದ್ಧ ಮುಗಿಯಿತು. ದಕ್ಷಿಣದ ಸಿಂಹಳ ಗ್ರಾಮಗಳಲ್ಲಿ ರಾಜಪಕ್ಸ ಅವರನ್ನು ಪ್ರಾಚೀನ ರಾಜರ ಸಾಲಿಗೆ ಸೇರಿಸಿ ಹಾಡಿ ಹೊಗಳುತ್ತಿದ್ದ ಕಾಲವದು. ಆ ಅಲೆ ಇಳಿಯುವ ಮೊದಲೇ ಅವರು ಅವಧಿಪೂರ್ವ ಚುನಾವಣೆ ಕರೆದರು. ವಿರೋಧ ಪಕ್ಷದ ನಾಯಕ ರನಿಲ್ ವಿಕ್ರಮಸಿಂಘೆ ಅವರು ತಾವೇ ಸ್ಪರ್ಧಿಸಿದರೆ ಆಗುವುದೇನೆಂಬುದನ್ನು ಬಲ್ಲವರಾಗಿದ್ದರು. 2002ರಲ್ಲಿ ಪ್ರಧಾನಿಯಾಗಿ ಎಲ್‌ಟಿಟಿಇ ಜೊತೆ ಕದನವಿರಾಮಕ್ಕೆ ಸಹಿ ಹಾಕಿದವರು ಅವರೇ, 1999 ಮತ್ತು 2005ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರೂ ಅವರೇ. ಯುದ್ಧ ಗೆದ್ದವರ ಎದುರು ಕದನವಿರಾಮಕ್ಕೆ ಸಹಿ ಹಾಕಿದವರು ನಿಂತರೆ ಬೇರೆ ಯಾವ ವಿಷಯವೂ ಚರ್ಚೆಗೆ ಬಾರದು ಎಂಬುದು ಸ್ಪಷ್ಟವಿತ್ತು. ಆದ್ದರಿಂದ ಯುಎನ್‌ಪಿ (ರನಿಲ್ ಅವರ ಸಂಯುಕ್ತ ರಾಷ್ಟ್ರೀಯ ಪಕ್ಷ) ಮತ್ತು ಎಡಪಂಥೀಯ ಜೆವಿಪಿ ಸೇರಿ, ಯುದ್ಧದ ಕಾಲದಲ್ಲಿ ಸೇನೆಯನ್ನು ಮುನ್ನಡೆಸಿದ ಜನರಲ್ ಶರತ್ ಫೊನ್ಸೇಕ ಅವರನ್ನೇ ಸಾಮಾನ್ಯ ಅಭ್ಯರ್ಥಿಯಾಗಿ, ಅಂದರೆ ವಿರೋಧಿ ಬಣದ ಒಮ್ಮತದ ಅಭ್ಯರ್ಥಿಯಾಗಿ, ನಿಲ್ಲಿಸಿದವು. ತಮಿಳು ರಾಷ್ಟ್ರೀಯ ಮೈತ್ರಿಕೂಟವೂ ಬೆಂಬಲ ಕೊಟ್ಟಿತು.

ಕಾಗದದ ಮೇಲೆ ಇದು ಚತುರ ನಡೆ. 2006ರಲ್ಲಿ ಕೊಲಂಬೊದ ಸೇನಾ ಪ್ರಧಾನ ಕಚೇರಿಯ ಆವರಣದಲ್ಲೇ ನಡೆದ ಆತ್ಮಾಹುತಿ ದಾಳಿಯಲ್ಲಿ ತೀವ್ರವಾಗಿ ಗಾಯಗೊಂಡು ಬದುಕುಳಿದ ಸೇನಾಧಿಪತಿಯನ್ನು ದೇಶದ್ರೋಹಿ ಎನ್ನುವುದು ಸುಲಭವಲ್ಲ ಎಂಬ ಲೆಕ್ಕ. ಆದರೆ ಅಭ್ಯರ್ಥಿಯ ಆಯ್ಕೆಯೇ ಪ್ರಶ್ನೆಯನ್ನೂ ಆಯ್ದುಬಿಟ್ಟಿತು. ಭ್ರಷ್ಟಾಚಾರ, ಕುಟುಂಬ ರಾಜಕಾರಣ, ಆಡಳಿತದ ಅಧಿಕಾರವನ್ನು ಅಧ್ಯಕ್ಷರೊಬ್ಬರಲ್ಲೇ ಕೇಂದ್ರೀಕರಿಸುವ ಕಾರ್ಯಾಂಗ ಅಧ್ಯಕ್ಷ ಪದ್ಧತಿಯ ರದ್ದತಿ ಎಲ್ಲವೂ ಫೊನ್ಸೇಕ ಅವರ ಭಾಷಣಗಳಲ್ಲಿದ್ದರೂ, ಜನರ ಕಿವಿಗೆ ಬಿದ್ದದ್ದು ‘ಯುದ್ಧ ಗೆದ್ದವರು ಯಾರು’ ಎಂಬ ಜಗಳ ಮಾತ್ರ. ಆ ಪ್ರಶ್ನೆಗೆ ಸಾಮಾನ್ಯ ಸಿಂಹಳ ಮತದಾರನ ಉತ್ತರ ‘ಇಬ್ಬರೂ’ ಎಂದಿದ್ದರೂ ಲಾಭ ಹಾಲಿ ಅಧ್ಯಕ್ಷರಿಗೇ, ಏಕೆಂದರೆ ಇಬ್ಬರೂ ಗೆದ್ದಿದ್ದರೆ ಕುರ್ಚಿಯಲ್ಲಿರುವವರನ್ನು ಎಬ್ಬಿಸಲು ಕಾರಣವೇ ಇರುವುದಿಲ್ಲ. ಮೇಲಾಗಿ ಯುದ್ಧದ ಕೊನೆಯ ದಿನಗಳಲ್ಲಿ ಶರಣಾಗಲು ಬಂದವರ ಹತ್ಯೆಯ ಕುರಿತು ಫೊನ್ಸೇಕ ಆಡಿದರೆನ್ನಲಾದ ಮಾತು 2009ರ ಡಿಸೆಂಬರ್‌ನಲ್ಲಿ ಕೊಲಂಬೊದ ಪತ್ರಿಕೆಯೊಂದರ ಸಂದರ್ಶನದಲ್ಲಿ ಪ್ರಕಟವಾಯಿತು. ಅವರು ಅದಕ್ಕೆ ಸ್ಪಷ್ಟನೆ ಕೊಡುವಷ್ಟರಲ್ಲಿ ಸರ್ಕಾರದ ಪ್ರಚಾರ ಯಂತ್ರಕ್ಕೆ ಬೇಕಾದುದು ಸಿಕ್ಕಿತ್ತು. ಮತದಾನದ ದಿನ ಅಭ್ಯರ್ಥಿಯ ಹೆಸರೇ ಮತದಾರರ ಪಟ್ಟಿಯಲ್ಲಿಲ್ಲ, ಅವರು ಮತ ಹಾಕುವಂತೆಯೇ ಇಲ್ಲ ಎಂಬುದು ಬಹಿರಂಗವಾದದ್ದು ಕೊನೆಯ ಮುಜುಗರ.

ಫಲಿತಾಂಶ: ರಾಜಪಕ್ಸ ಅವರಿಗೆ ಶೇ 57.88, ಫೊನ್ಸೇಕ ಅವರಿಗೆ ಶೇ 40.15. ಇಪ್ಪತ್ತೆರಡು ಚುನಾವಣಾ ಜಿಲ್ಲೆಗಳಲ್ಲಿ ಫೊನ್ಸೇಕ ಗೆದ್ದದ್ದು ಆರು: ತಮಿಳರು ಮತ್ತು ಮುಸ್ಲಿಮರು ಹೆಚ್ಚಾಗಿರುವ ಉತ್ತರ ಮತ್ತು ಪೂರ್ವದ ಐದು, ಚಹಾ ತೋಟಗಳ ನುವರ ಎಲಿಯ ಒಂದು. ಎರಡೇ ವಾರಗಳಲ್ಲಿ ಅವರನ್ನು ಬಂಧಿಸಲಾಯಿತು.

ಗಮನಿಸಬೇಕಾದುದು ಇಷ್ಟು. ಹಾಲಿ ಅಧ್ಯಕ್ಷರ ಅತಿ ದೊಡ್ಡ ಸಾಧನೆಯನ್ನು ಅವರ ಕೈಯಿಂದ ಕಿತ್ತುಕೊಳ್ಳಲು ಹೊರಟ ಎದುರಾಳಿ, ಇಡೀ ಚುನಾವಣೆಯನ್ನು ಆ ಸಾಧನೆಯ ಸುತ್ತಲೇ ಸುತ್ತಿಸುತ್ತಾನೆ. ಅದು ಅಧ್ಯಕ್ಷರು ತಾವಾಗಿ ಬಯಸಿದರೂ ಇಷ್ಟು ಚೆನ್ನಾಗಿ ಆಗದ ಕೆಲಸ.

ಐದು ವರ್ಷಗಳಲ್ಲಿ ಕೂಡಿಬಂದ ಸರಕು

2010ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಸಂವಿಧಾನದ 18ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಒಬ್ಬರು ಎರಡು ಅವಧಿಗೆ ಮಾತ್ರ ಅಧ್ಯಕ್ಷರಾಗಬಹುದೆಂಬ ಮಿತಿ ಹೋಯಿತು; ಚುನಾವಣೆ, ಪೊಲೀಸ್, ನ್ಯಾಯಾಂಗದ ಉನ್ನತ ನೇಮಕಾತಿಗಳು ಬಹುಪಾಲು ಅಧ್ಯಕ್ಷರ ಕೈಗೆ ಬಂದವು. ಒಬ್ಬ ಸಹೋದರ ಗೋಟಬಯ ರಕ್ಷಣಾ ಕಾರ್ಯದರ್ಶಿ, ಇನ್ನೊಬ್ಬ ಬಾಸಿಲ್ ಆರ್ಥಿಕ ಅಭಿವೃದ್ಧಿ ಸಚಿವ, ಹಿರಿಯಣ್ಣ ಚಮಲ್ ಸಂಸತ್ತಿನ ಸ್ಪೀಕರ್, ಮಗ ನಮಲ್ ಸಂಸದ. 2013ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಶಿರಾಣಿ ಬಂಡಾರನಾಯಕೆ ಅವರನ್ನು ವಾಗ್ದಂಡನೆಯ ಮೂಲಕ ಕೆಳಗಿಳಿಸಲಾಯಿತು. 2014ರ ಜೂನ್‌ನಲ್ಲಿ ಅಲುತ್ಗಮದಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸಾಚಾರವನ್ನು ಸರ್ಕಾರ ತಡೆಯಲಿಲ್ಲ ಎಂಬ ಕೋಪ, ಅದುವರೆಗೆ ಸರ್ಕಾರದ ಜೊತೆಗಿದ್ದ ಮುಸ್ಲಿಂ ಪಕ್ಷಗಳ ಬೆಂಬಲಿಗರಲ್ಲಿ ಕುದಿಯುತ್ತಿತ್ತು.

ಇನ್ನೊಂದೆಡೆ ಹೊಸ ಹೆದ್ದಾರಿಗಳಿದ್ದವು, ಕೊಲಂಬೊ ನಗರ ಹಿಂದೆಂದೂ ಇಲ್ಲದಷ್ಟು ಅಚ್ಚುಕಟ್ಟಾಗಿತ್ತು, ಬಾಂಬಿನ ಭಯವಿರಲಿಲ್ಲ. 1980ರಲ್ಲಿ ರೊನಾಲ್ಡ್ ರೇಗನ್ ಅವರು ಜಿಮ್ಮಿ ಕಾರ್ಟರ್ ಎದುರಿನ ಚರ್ಚೆಯಲ್ಲಿ, ನಾಲ್ಕು ವರ್ಷದ ಹಿಂದಿಗಿಂತ ಈಗ ನಿಮ್ಮ ಸ್ಥಿತಿ ಉತ್ತಮವಾಗಿದೆಯೇ ಎಂದು ಮತದಾರರನ್ನೇ ಕೇಳಿದ್ದು ಪ್ರಚಾರ ತಂತ್ರದ ಪಾಠಗಳಲ್ಲಿ ಪ್ರಸಿದ್ಧ. ಆ ಪ್ರಶ್ನೆಯನ್ನು ಹಾಗೆಯೇ ತಂದು 2014ರ ಶ್ರೀಲಂಕಾದಲ್ಲಿ ಕೇಳಿದ್ದರೆ ದಕ್ಷಿಣದ ಬಹಳಷ್ಟು ಜನ ‘ಹೌದು, ಉತ್ತಮವಾಗಿದೆ’ ಎನ್ನುತ್ತಿದ್ದರು. ಇನ್ನೊಂದು ದೇಶದ ಯಶಸ್ವಿ ಚೌಕಟ್ಟನ್ನು ಎರವಲು ತರುವವರು ಮರೆಯುವುದು ಇದನ್ನೇ. ಎದುರಾಳಿ ಕೇಳುವ ಪ್ರಶ್ನೆಗೆ ಮತದಾರನ ಬಳಿ ಉತ್ತರ ಮೊದಲೇ ಸಿದ್ಧವಿರಬೇಕು, ಮತ್ತು ಆ ಉತ್ತರ ಅಧ್ಯಕ್ಷರಿಗೆ ವಿರುದ್ಧವಾಗಿರಬೇಕು.

ಉತ್ತರ ಸಿದ್ಧವಾಗುತ್ತಿದೆ ಎಂಬ ಸುಳಿವು ಸಿಕ್ಕಿದ್ದು 2014ರ ಸೆಪ್ಟೆಂಬರ್‌ನ ಊವ ಪ್ರಾಂತೀಯ ಚುನಾವಣೆಯಲ್ಲಿ. ಆಳುವ ಮೈತ್ರಿಕೂಟ ಗೆದ್ದರೂ ಅದರ ಮತ ಪ್ರಮಾಣ 2009ರ ಶೇ 72ರಿಂದ ಶೇ 51ಕ್ಕೆ ಕುಸಿದಿತ್ತು. ಊವ ಬಹುತೇಕ ಗ್ರಾಮೀಣ, ಬಡ ಪ್ರಾಂತ. ಅಲ್ಲಿಯ ರೈತ ಯುದ್ಧದ ಗೆಲುವಿಗೆ ಋಣ ಸಂದಾಯ ಮಾಡಿ ಮುಗಿಸಿದ್ದೇನೆಂದು ಭಾವಿಸತೊಡಗಿದ್ದಂತಿತ್ತು. ರಾಜಪಕ್ಸ ಅವಸರದಿಂದ ಅಧ್ಯಕ್ಷೀಯ ಚುನಾವಣೆ ಕರೆದದ್ದಕ್ಕೆ ಅವರ ಜ್ಯೋತಿಷಿ ಕೊಟ್ಟ ಮುಹೂರ್ತ ಒಂದು ಕಾರಣ ಎಂಬ ಮಾತು ಪ್ರಸಿದ್ಧವೇ ಆದರೂ, ಈ ಅಂಕಿಗಳು ಇನ್ನೂ ಕೆಳಗಿಳಿಯುವ ಮುನ್ನ ಹೋಗಬೇಕೆಂಬ ಲೆಕ್ಕ ಅದಕ್ಕಿಂತ ಬಲವಾದ ಕಾರಣ ಎಂದು ನಾನು ತಿಳಿಯುತ್ತೇನೆ.

ಅಪ್ಪಂ ತಿಂದು ಹೋದ ರಾತ್ರಿ

ಅಭ್ಯರ್ಥಿ ಯಾರೆಂಬುದು ನವೆಂಬರ್ 21ರವರೆಗೂ ಗುಟ್ಟಾಗಿತ್ತು. ಕೋಟ್ಟೆ ನಾಗವಿಹಾರದ ಭಿಕ್ಷು ಮಾದುಲುವಾವೆ ಸೋಭಿತ ಥೇರೊ ಅವರು ಕಾರ್ಯಾಂಗ ಅಧ್ಯಕ್ಷ ಪದ್ಧತಿಯನ್ನು ರದ್ದು ಮಾಡಬೇಕೆಂಬ ಒಂದೇ ಬೇಡಿಕೆಯ ಸುತ್ತ ವರ್ಷಗಳಿಂದ ಜನಾಭಿಪ್ರಾಯ ಕಟ್ಟುತ್ತಿದ್ದರು. ಅವರೇ ಸಾಮಾನ್ಯ ಅಭ್ಯರ್ಥಿಯಾಗಬಹುದೆಂಬ ಮಾತೂ ಇತ್ತು. ಮಾಜಿ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ತೆರೆಮರೆಯಲ್ಲಿ ಆಳುವ ಪಕ್ಷದೊಳಗಿನಿಂದಲೇ ಒಬ್ಬರನ್ನು ಎಳೆದು ತರುವ ಯತ್ನದಲ್ಲಿದ್ದರು. ಹಿಂದಿನ ರಾತ್ರಿ ಅಧ್ಯಕ್ಷರೊಂದಿಗೆ ಕೂತು ಅಪ್ಪಂ ತಿಂದ ಸಿರಿಸೇನ, ಮರುದಿನ ಕೊಲಂಬೊದಲ್ಲಿ ಪತ್ರಿಕಾಗೋಷ್ಠಿ ಕರೆದು ತಾವೇ ಸಾಮಾನ್ಯ ಅಭ್ಯರ್ಥಿ ಎಂದು ಘೋಷಿಸಿದರು. ಪಕ್ಕದಲ್ಲಿ ಚಂದ್ರಿಕಾ, ಹಾಗೂ ಸಂಪುಟ ಬಿಟ್ಟು ಬಂದ ರಾಜಿತ ಸೇನಾರತ್ನೆ. ಅಪ್ಪಂ ತಿಂದು ಬೆನ್ನಿಗೆ ಇರಿದ ಎಂಬ ದೂರನ್ನು ರಾಜಪಕ್ಸ ಸಭೆ ಸಭೆಯಲ್ಲಿ ಹೇಳಿಕೊಂಡು ತಿರುಗಿದರು. ಆ ದೂರು ಜನರಲ್ಲಿ ಸಹಾನುಭೂತಿಗಿಂತ ನಗುವನ್ನೇ ಹೆಚ್ಚಾಗಿ ಹುಟ್ಟಿಸಿತು. ಶ್ರೀಲಂಕಾದ ರಾಜಕೀಯ ಮಾತುಕತೆಯಲ್ಲಿ ಅಪ್ಪಂ ಇಂದಿಗೂ ಪಕ್ಷಾಂತರದ ಸಂಕೇತ.

ಸಿರಿಸೇನ ಮೋಹಕ ಭಾಷಣಕಾರರಲ್ಲ. ಪೊಲೊನ್ನರುವದ ರೈತ ಕುಟುಂಬದಿಂದ ಬಂದವರು, 1971ರ ಯುವಜನ ದಂಗೆಯ ಕಾಲದಲ್ಲಿ ಜೈಲು ಕಂಡವರು, ಕೊಲಂಬೊದ ಗಣ್ಯ ಮನೆತನಗಳ ನಂಟಿಲ್ಲದವರು. ಆರೋಗ್ಯ ಸಚಿವರಾಗಿ ಸಿಗರೇಟ್ ಪೊಟ್ಟಣಗಳ ಮೇಲೆ ಎಚ್ಚರಿಕೆಯ ಚಿತ್ರ ಹಾಕಿಸಲು ತಂಬಾಕು ಕಂಪನಿಗಳೊಂದಿಗೆ ಹೋರಾಡಿದ್ದು ಅವರ ಬಗ್ಗೆ ಜನಕ್ಕೆ ನೆನಪಿದ್ದ ಒಂದು ಸಂಗತಿ. ಈ ಸಾದಾತನವೇ ಪ್ರಚಾರದ ಬಂಡವಾಳವಾಯಿತು. ಬಿಳಿಯ ಉಡುಪಿನ, ದನಿ ಏರಿಸದ ಈ ಅಭ್ಯರ್ಥಿಯನ್ನು ಊರಗಲದ ಕಟೌಟುಗಳ ಎದುರು ನಿಲ್ಲಿಸಿದಾಗ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಸಲ್ಮಾನ್ ಖಾನ್ ಮತ್ತು ಜಾಕ್ವೆಲಿನ್ ಫರ್ನಾಂಡಿಸ್ ಅವರನ್ನು ಕೊಲಂಬೊಗೆ ಕರೆಸಿ ರಾಜಪಕ್ಸ ಅವರ ಪರ ಪ್ರಚಾರ ಮಾಡಿಸಿದ್ದು, ಅಧ್ಯಕ್ಷರ ಬಳಗ ಈ ವ್ಯತ್ಯಾಸವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದ ಉದಾಹರಣೆ.

ಆದರೆ ಚೌಕಟ್ಟಿನ ನಿಜವಾದ ಗಟ್ಟಿತನ ಇದ್ದದ್ದು ಯುದ್ಧದ ವಿಷಯದಲ್ಲಿ ಅವರು ತಳೆದ ನಿಲುವಿನಲ್ಲಿ. ಗೆಲುವನ್ನು ಅವರು ಪ್ರಶ್ನಿಸಲಿಲ್ಲ, ತಮ್ಮದೆಂದು ಕಿತ್ತುಕೊಳ್ಳಲೂ ಹೋಗಲಿಲ್ಲ. ಎಲ್‌ಟಿಟಿಇ ತಮ್ಮನ್ನೂ ಕೊಲ್ಲಲು ಯತ್ನಿಸಿತ್ತು, ಯುದ್ಧದ ಕೊನೆಯ ದಿನಗಳಲ್ಲಿ ಅಧ್ಯಕ್ಷರು ವಿದೇಶದಲ್ಲಿದ್ದಾಗ ತಾವು ಹಂಗಾಮಿ ರಕ್ಷಣಾ ಸಚಿವರಾಗಿದ್ದೆ ಎಂಬುದನ್ನು ನೆನಪಿಸಿ ಅಷ್ಟಕ್ಕೆ ಬಿಟ್ಟರು. ಸೈನಿಕರನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದೆ ನಿಲ್ಲಿಸಲು ಬಿಡುವುದಿಲ್ಲ ಎಂಬ ಭರವಸೆಯನ್ನೂ ಕೊಟ್ಟರು. ಹೀಗೆ ಯುದ್ಧವನ್ನು ಚುನಾವಣೆಯ ಅಂಗಳದಿಂದ ಹೊರಗಿಟ್ಟ ಮೇಲೆ ಕೇಳಿದ ಪ್ರಶ್ನೆ ಬೇರೆ: 2005 ಮತ್ತು 2010ರಲ್ಲಿ ನೀವು ಆರಿಸಿದ ಸರ್ಕಾರ ಈಗ ಒಂದು ಕುಟುಂಬದ ಆಸ್ತಿಯಾಗಿದೆಯಲ್ಲ, ಅದಕ್ಕೆ ಕೊನೆ ಯಾವಾಗ? ಈ ಪ್ರಶ್ನೆಯೊಳಗೆ 2010ರ ಮತಕ್ಕೆ ಅವಮಾನವಿಲ್ಲ. ಬದಲಿಗೆ, ಆಗ ಕೊಟ್ಟ ವಿಶ್ವಾಸವನ್ನು ಪಡೆದವರೇ ದುರುಪಯೋಗ ಮಾಡಿಕೊಂಡರು ಎಂಬ ದೂರಿದೆ. ಅದನ್ನು ಹೇಳುತ್ತಿರುವವನೂ ನಿನ್ನೆಯವರೆಗೆ ಅದೇ ಮನೆಯಲ್ಲಿ ಉಂಡವನು, ಅಂದರೆ ಮತದಾರನ ಹಾಗೆಯೇ ಅವನೂ ನಂಬಿ ಕೆಟ್ಟವನು. ಪಕ್ಷಾಂತರಿ ಅಭ್ಯರ್ಥಿ ದ್ರೋಹಿಯಾಗಿ ಕಾಣುವ ಅಪಾಯ ಯಾವಾಗಲೂ ಇರುತ್ತದೆ. ಇಲ್ಲಿ ಅವರು ಹಳೆಯ ಮತದಾರರ ಪ್ರತಿನಿಧಿಯಾಗಿ ಕಂಡರು.

ಎರಡನೆಯ ಅಂಶ ನೂರು ದಿನಗಳ ಕಾರ್ಯಕ್ರಮ. ಅಧ್ಯಕ್ಷ ಪದ್ಧತಿಯನ್ನು ರದ್ದು ಮಾಡುವ ಭರವಸೆ ಶ್ರೀಲಂಕಾದ ಮತದಾರರಿಗೆ ಹೊಸತೇನಲ್ಲ. 1994ರಲ್ಲಿ ಚಂದ್ರಿಕಾ ಕೊಟ್ಟಿದ್ದರು, 2005ರಲ್ಲಿ ಸ್ವತಃ ರಾಜಪಕ್ಸ ಕೊಟ್ಟಿದ್ದರು. ಇಬ್ಬರೂ ಕುರ್ಚಿಗೆ ಬಂದ ಮೇಲೆ ಮರೆತರು. ಅದೇ ಸವಕಲು ಮಾತನ್ನು ಮೂರನೆಯ ಬಾರಿ ನಂಬಿಸುವುದು ಹೇಗೆ? ಡಿಸೆಂಬರ್ 19ರಂದು ಹೊರಬಂದ ಪ್ರಣಾಳಿಕೆ ಇದಕ್ಕೆ ಕಂಡುಕೊಂಡ ಉಪಾಯ, ದಿನಾಂಕಗಳು. ಯಾವ ದಿನ ಪ್ರಮಾಣವಚನ, ಯಾವ ದಿನ ರನಿಲ್ ಪ್ರಧಾನಿಯಾಗುವುದು, ಸಂಪುಟದಲ್ಲಿ ಎಷ್ಟು ಜನ, ಏಪ್ರಿಲ್ 23ರಂದು ಸಂಸತ್ತಿನ ವಿಸರ್ಜನೆ ಎಂದೆಲ್ಲ ಪಂಚಾಂಗದಂತೆ ಅದರಲ್ಲಿ ನಮೂದಾಗಿತ್ತು. ಜೊತೆಗೆ ಸರ್ಕಾರಿ ನೌಕರರ ಸಂಬಳಕ್ಕೆ 10,000 ರೂಪಾಯಿ ಸೇರ್ಪಡೆ, ಇಂಧನ ಮತ್ತು ಅಗತ್ಯ ವಸ್ತುಗಳ ಬೆಲೆ ಇಳಿಕೆ. ಹಾಲಿ ಅಧ್ಯಕ್ಷರ ವಿರುದ್ಧ ನಿಂತವರು ಸಾಮಾನ್ಯವಾಗಿ ದೂರದೃಷ್ಟಿಯ ದಾಖಲೆ ಬರೆಯಲು ಹೋಗಿ ಎಡವುತ್ತಾರೆ. ಇಲ್ಲಿ ದೂರದೃಷ್ಟಿ ಅಧ್ಯಕ್ಷರ ಪ್ರಣಾಳಿಕೆಯಲ್ಲಿತ್ತು. ಎದುರಾಳಿಯ ಬಳಿ ಇದ್ದದ್ದು ಮೂರು ತಿಂಗಳ ಕೆಲಸದ ಪಟ್ಟಿ. ಆರು ವರ್ಷ ಆಳಲು ಒಬ್ಬನನ್ನು ಆರಿಸಿ ಎನ್ನುವುದಕ್ಕಿಂತ, ಈ ಕುರ್ಚಿಯ ಹಲ್ಲು ಕೀಳಲು ಒಬ್ಬನನ್ನು ಕಳಿಸಿ ಎನ್ನುವುದು ಚಿಕ್ಕ ಬೇಡಿಕೆ.

ಮೂರನೆಯದು ಮೌನ. ಡಿಸೆಂಬರ್ 1ರಂದು ಕೊಲಂಬೊದ ವಿಹಾರಮಹಾದೇವಿ ಉದ್ಯಾನದಲ್ಲಿ ಸಿರಿಸೇನ ಅವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದ ಪಕ್ಷಗಳೂ ಸಂಘಟನೆಗಳೂ ಹಲವಾರು. ಬೌದ್ಧ ರಾಷ್ಟ್ರವಾದಿ ಜಾತಿಕ ಹೆಲ ಉರುಮಯವೂ ಅಭ್ಯರ್ಥಿಯ ಬೆನ್ನಿಗಿತ್ತು, ಡಿಸೆಂಬರ್ ಕೊನೆಯ ಹೊತ್ತಿಗೆ ಮುಸ್ಲಿಂ ಕಾಂಗ್ರೆಸ್ಸೂ ಬಂದು ಸೇರಿತು, ತಮಿಳು ರಾಷ್ಟ್ರೀಯ ಮೈತ್ರಿಕೂಟ ಡಿಸೆಂಬರ್ 30ರಂದು ಬೆಂಬಲ ಘೋಷಿಸಿತು. ತಮಿಳರ ಮುಖ್ಯ ಬೇಡಿಕೆಯಾದ ಅಧಿಕಾರ ಹಂಚಿಕೆಯ ಬಗ್ಗೆ ಪ್ರಣಾಳಿಕೆ ಹೆಚ್ಚುಕಡಿಮೆ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಹೆಲ ಉರುಮಯ ಉಳಿಯುತ್ತಿರಲಿಲ್ಲ, ದಕ್ಷಿಣದಲ್ಲಿ ರಾಜಪಕ್ಸ ಕಾದಿದ್ದ ಅಸ್ತ್ರವೂ ಸಿಗುತ್ತಿತ್ತು. ತಮಿಳು ಮೈತ್ರಿಕೂಟದ ನಾಯಕ ಆರ್. ಸಂಬಂಧನ್ ಅವರು ಬಹಿರಂಗ ಒಪ್ಪಂದ ಕೇಳದೆ, ಕೊನೆಯ ವಾರದವರೆಗೆ ಕಾದು ಬೆಂಬಲ ಕೊಟ್ಟದ್ದು ಈ ಇಡೀ ಪ್ರಚಾರದ ಅತ್ಯಂತ ಶಿಸ್ತಿನ ನಡೆ ಎಂದು ನನಗನ್ನಿಸುತ್ತದೆ. ಚೌಕಟ್ಟು ಅಭ್ಯರ್ಥಿಯೊಬ್ಬನ ಸ್ವತ್ತಲ್ಲ. ಅದರ ಹೊರಗೆ ನಿಂತವರೂ ಅದನ್ನು ಕಾಪಾಡಬೇಕಾಗುತ್ತದೆ.

ಅಧ್ಯಕ್ಷರ ಉತ್ತರ

ರಾಜಪಕ್ಸ ಬಳಗದ ಪ್ರತಿದಾಳಿಯಲ್ಲಿ ಮೂರು ಎಳೆಗಳಿದ್ದವು. ಸಿರಿಸೇನ ಕೇವಲ ಮುಖವಾಡ, ಹಿಂದೆ ಇರುವುದು ರನಿಲ್, ಚಂದ್ರಿಕಾ ಮತ್ತು ಪಾಶ್ಚಾತ್ಯ ಶಕ್ತಿಗಳು ಎಂಬುದು ಒಂದು. ಇವರು ಗೆದ್ದರೆ ಉತ್ತರದಿಂದ ಸೇನೆ ಹಿಂದೆ ಬರುತ್ತದೆ, ಭಯೋತ್ಪಾದನೆ ಮರಳುತ್ತದೆ ಎಂಬುದು ಇನ್ನೊಂದು. ಯುಎನ್‌ಪಿಯ ಪ್ರಧಾನ ಕಾರ್ಯದರ್ಶಿ ತಿಸ್ಸ ಅತ್ತನಾಯಕೆ ಅವರನ್ನು ಸೆಳೆದುಕೊಂಡು ಸಿರಿಸೇನ ತೆರವು ಮಾಡಿದ ಆರೋಗ್ಯ ಖಾತೆಯನ್ನೇ ಕೊಟ್ಟದ್ದು ಮತ್ತು ಅವರ ಮೂಲಕ ಸಿರಿಸೇನ ಮತ್ತು ರನಿಲ್ ನಡುವೆ ರಹಸ್ಯ ಒಪ್ಪಂದವಿದೆ ಎಂಬ ಆರೋಪ ಹೊರಿಸಿದ್ದು ಈ ಎಳೆಯ ಭಾಗ. ವಿರೋಧಿ ಬಣ ಆರೋಪವನ್ನು ಕೂಡಲೇ ತಳ್ಳಿಹಾಕಿತು. ಮೂರನೆಯ ಎಳೆ ಬೆದರಿಕೆಯ ನೆರಳಿರುವ ಔದಾರ್ಯ: ಬಿಟ್ಟುಹೋದವರ ಕಡತಗಳು ತಮ್ಮ ಬಳಿ ಇವೆ, ಆದರೆ ಬಳಸುವುದಿಲ್ಲ ಎಂದು ಅಧ್ಯಕ್ಷರು ಹೇಳಿದರು. ಹಾಗಾದರೆ ಇಷ್ಟು ದಿನ ಆ ಕಡತಗಳನ್ನು ಮುಚ್ಚಿಟ್ಟುಕೊಂಡು ಅವರನ್ನೇ ಸಚಿವರನ್ನಾಗಿ ಇಟ್ಟುಕೊಂಡಿದ್ದೇಕೆ ಎಂಬ ಪ್ರಶ್ನೆಯನ್ನು ವಿರೋಧಿಗಳು ಕೇಳುವ ಮೊದಲೇ ಜನ ಕೇಳಿದರು.

ಜನವರಿ 2ರಂದು ಯಾಳ್ಪಾಣದ, ಅಂದರೆ ಜಾಫ್ನಾದ ಸಭೆಯಲ್ಲಿ ರಾಜಪಕ್ಸ ಅವರು ತಮಿಳು ಮತದಾರರಿಗೆ, ಗೊತ್ತಿಲ್ಲದ ದೇವದೂತನಿಗಿಂತ ಗೊತ್ತಿರುವ ದೆವ್ವವೇ ಮೇಲು, ಆ ಗೊತ್ತಿರುವ ದೆವ್ವ ನಾನೇ ಎಂದರು. ಹಾಲಿ ಅಧ್ಯಕ್ಷರ ಕೊನೆಯ ಆಸರೆ ಯಾವಾಗಲೂ ಅಪರಿಚಿತನ ಭಯವೇ. ಅದು ಬಹಳ ಸಲ ಕೆಲಸ ಮಾಡುತ್ತದೆ ಕೂಡ. ಆದರೆ ಆ ಭಯ ಹುಟ್ಟಿಸಲು ಎದುರಾಳಿ ಅಪರಿಚಿತನಾಗಿರಬೇಕು. ಒಂಬತ್ತು ವರ್ಷ ತಮ್ಮ ಸಂಪುಟದಲ್ಲಿಟ್ಟುಕೊಂಡ, ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಸಹಿ ಹಾಕಿಸುತ್ತಿದ್ದ ವ್ಯಕ್ತಿಯನ್ನು ಅಪರಿಚಿತ ಎನ್ನಲು ಬರುವುದಿಲ್ಲ. ದಕ್ಷಿಣದ ಮತದಾರನಿಗೆ ಎರಡೂ ಕಡೆ ಕಂಡದ್ದು ಒಂದೇ ಪಕ್ಷದ ಸಂಸ್ಕೃತಿ, ಒಂದೇ ಬಗೆಯ ಹಳ್ಳಿಯ ಸಿಂಹಳ, ಒಂದೇ ವಿಹಾರಗಳ ಮುಂದೆ ಕೈಮುಗಿಯುವ ನಾಯಕರು. ಬದಲಾವಣೆಯ ಬೆಲೆ ಇಷ್ಟು ಅಗ್ಗವಾಗಿ ಕಂಡಾಗ ಭಯದ ಪ್ರಚಾರಕ್ಕೆ ಹಿಡಿಯಲು ಏನೂ ಸಿಗಲಿಲ್ಲ.

ಅಂಕಿಗಳು ಹೇಳುವುದು

ಸಿರಿಸೇನ 62,17,162 ಮತ (ಶೇ 51.28), ರಾಜಪಕ್ಸ 57,68,090 ಮತ (ಶೇ 47.58). ಮತದಾನ ಪ್ರಮಾಣ ಶೇ 81.52. ಅಂತರ ನಾಲ್ಕೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ.

ತಮ್ಮ ನಾಯಕನನ್ನು ಸೋಲಿಸಿದ್ದು ಉತ್ತರ ಮತ್ತು ಪೂರ್ವದ ಮತಗಳು ಎಂದು ರಾಜಪಕ್ಸ ಬಣ ಕೂಡಲೇ ವ್ಯಾಖ್ಯಾನಿಸಿತು. ಅದರಲ್ಲಿ ಅರ್ಧ ಸತ್ಯವಿದೆ. ಜಾಫ್ನಾ ಜಿಲ್ಲೆಯಲ್ಲಿ 2010ರಲ್ಲಿ ಮತ ಹಾಕಿದ್ದವರು ಶೇ 26ರ ಆಸುಪಾಸು. 2015ರಲ್ಲಿ ಶೇ 66. ಅಲ್ಲಿ ಸಿರಿಸೇನ ಅವರಿಗೆ ಬಂದದ್ದು ನಾಲ್ಕರಲ್ಲಿ ಮೂರು ಪಾಲು ಮತ. ಆದರೆ ಆ ಐದು ಜಿಲ್ಲೆಗಳನ್ನೂ ನುವರ ಎಲಿಯವನ್ನೂ ಫೊನ್ಸೇಕ ಕೂಡ ಗೆದ್ದಿದ್ದರು. ಸಿರಿಸೇನ ಅವುಗಳ ಮೇಲೆ ಇನ್ನೂ ಆರನ್ನು ಸೇರಿಸಿದರು: ಕೊಲಂಬೊ, ಗಂಪಹ, ಕ್ಯಾಂಡಿ, ಪುತ್ತಳಂ, ಬದುಲ್ಲ ಮತ್ತು ತವರು ಪೊಲೊನ್ನರುವ. ಇವೆಲ್ಲ ಸಿಂಹಳರೇ ಬಹುಸಂಖ್ಯಾತರಿರುವ, 2010ರಲ್ಲಿ ರಾಜಪಕ್ಸ ಗೆದ್ದಿದ್ದ ಜಿಲ್ಲೆಗಳು. ಊವ ಪ್ರಾಂತದ ಬದುಲ್ಲದಲ್ಲಿ ಅಂತರ ಕೆಲವೇ ನೂರು ಮತಗಳದ್ದು, ಗಂಪಹದಲ್ಲೂ ಕೂದಲೆಳೆಯದು. ಹಂಬಂತೋಟದಂತಹ ರಾಜಪಕ್ಸ ಅವರ ಖಾಸಾ ಜಿಲ್ಲೆಗಳು ಅಲುಗಾಡಲಿಲ್ಲ.

ಇನ್ನೊಂದು ಲೆಕ್ಕವನ್ನು ಮಾತ್ರ, ನನ್ನ ವಾದಕ್ಕೆ ಅಷ್ಟು ಅನುಕೂಲವಲ್ಲದಿದ್ದರೂ, ಇಲ್ಲಿ ಇಡಬೇಕು. 2010ರಲ್ಲಿ ರಾಜಪಕ್ಸ ಪಡೆದದ್ದು 60,15,934 ಮತ. ಅಂದರೆ ಐದು ವರ್ಷಗಳಲ್ಲಿ ಅವರು ಕಳೆದುಕೊಂಡದ್ದು ಎರಡೂವರೆ ಲಕ್ಷದಷ್ಟು ಮಾತ್ರ. ಎದುರಾಳಿಯ ಮತ ಹೆಚ್ಚಿದ್ದು ಇಪ್ಪತ್ತು ಲಕ್ಷಕ್ಕೂ ಮೇಲೆ. ಮೇಲ್ನೋಟಕ್ಕೆ ಇದು ಮನಸ್ಸು ಬದಲಿಸಿದವರ ಕಥೆಯಲ್ಲ, ಹೊಸದಾಗಿ ಮತಗಟ್ಟೆಗೆ ಬಂದವರ ಕಥೆ. ಆದರೆ ಈ ನಡುವೆ ಹೊಸ ಮತದಾರರೂ ಸೇರಿದ್ದರು, ಅವರಲ್ಲಿ ಒಂದು ಪಾಲು ಸಹಜವಾಗಿ ರಾಜಪಕ್ಸ ಅವರಿಗೂ ಹೋಗಿರುತ್ತದೆ. ಆದ್ದರಿಂದ ಹಳೆಯ ಬೆಂಬಲಿಗರಲ್ಲಿ ಸರಿದುಹೋದವರು ಎರಡೂವರೆ ಲಕ್ಷಕ್ಕಿಂತ ಹೆಚ್ಚೇ ಇರಬೇಕು. ಒಟ್ಟು ಅಂಕಿಗಳಿಂದ ಅದಕ್ಕಿಂತ ನಿಖರವಾಗಿ ಹೇಳಲಾಗದು. ಖಚಿತವಾಗಿ ಹೇಳಬಹುದಾದದ್ದು, ಚೌಕಟ್ಟು ಏಕಕಾಲಕ್ಕೆ ಎರಡು ಕೆಲಸ ಮಾಡಬೇಕಿತ್ತು ಎಂಬುದು. ಗಂಪಹದ ಹಳೆಯ ರಾಜಪಕ್ಸ ಮತದಾರನಿಗೆ ದಾರಿ ಬಿಡಬೇಕಿತ್ತು, ಜಾಫ್ನಾದಲ್ಲಿ ಮನೆಯಲ್ಲೇ ಕೂತಿದ್ದವನನ್ನು ಎಬ್ಬಿಸಬೇಕಿತ್ತು. ಈ ಇಬ್ಬರಿಗೂ ಒಂದೇ ವಾಕ್ಯ ಹಿಡಿಸುವಂತಿದ್ದದ್ದು ಆ ವಾಕ್ಯ ಅಧಿಕಾರದ ದುರುಪಯೋಗದ ಬಗ್ಗೆ ಇದ್ದುದರಿಂದ. ಯುದ್ಧದ ಬಗ್ಗೆಯೋ ಅಧಿಕಾರ ಹಂಚಿಕೆಯ ಬಗ್ಗೆಯೋ ಇದ್ದಿದ್ದರೆ ಒಬ್ಬನನ್ನು ಒಲಿಸಿದ್ದು ಇನ್ನೊಬ್ಬನನ್ನು ಓಡಿಸುತ್ತಿತ್ತು.

ತೆತ್ತ ಬೆಲೆ

ಜನವರಿ 9ರ ಸಂಜೆ ಕೊಲಂಬೊದ ಸ್ವಾತಂತ್ರ್ಯ ಚೌಕದಲ್ಲಿ ಸಿರಿಸೇನ ಪ್ರಮಾಣವಚನ ಸ್ವೀಕರಿಸಿದ್ದು ಮುಖ್ಯ ನ್ಯಾಯಮೂರ್ತಿಯ ಮುಂದಲ್ಲ. ಬಂಡಾರನಾಯಕೆ ಅವರ ಜಾಗಕ್ಕೆ ರಾಜಪಕ್ಸ ನೇಮಿಸಿದ್ದವರನ್ನು ಬಿಟ್ಟು, ಸುಪ್ರೀಂ ಕೋರ್ಟಿನ ಇನ್ನೊಬ್ಬ ನ್ಯಾಯಮೂರ್ತಿ ಕೆ. ಶ್ರೀಪವನ್ ಅವರ ಮುಂದೆ. ತಾವು ಎರಡನೆಯ ಅವಧಿಗೆ ಸ್ಪರ್ಧಿಸುವುದಿಲ್ಲ ಎಂದೂ ಆ ದಿನ ಹೇಳಿದರು. ಪ್ರಚಾರದ ಚೌಕಟ್ಟು ಆ ಸಂಜೆಯವರೆಗೂ ಬಿರುಕಿಲ್ಲದೆ ನಿಂತಿತ್ತು.

ನಂತರ ಆದದ್ದು ಬೇರೆ. ಏಪ್ರಿಲ್ 28ರಂದು 19ನೇ ತಿದ್ದುಪಡಿ 215 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಂದದ್ದು ಒಂದೇ ಮತ. ಎರಡು ಅವಧಿಗಳ ಮಿತಿ ಮರಳಿತು, ಆರು ವರ್ಷದ ಅವಧಿ ಐದಕ್ಕಿಳಿಯಿತು, ಸ್ವತಂತ್ರ ಆಯೋಗಗಳು ಬಂದವು. ಅಧ್ಯಕ್ಷ ಪದ್ಧತಿ ಮಾತ್ರ ಉಳಿಯಿತು, ಏಕೆಂದರೆ ಅದನ್ನು ಪೂರ್ತಿ ರದ್ದು ಮಾಡಲು ಹೆಲ ಉರುಮಯ ಮೊದಲಿನಿಂದಲೂ ಒಪ್ಪಿರಲಿಲ್ಲ. ಸಂಸತ್ತು ವಿಸರ್ಜನೆಯಾದದ್ದು ಏಪ್ರಿಲ್ 23ರ ಬದಲು ಜೂನ್ 26ರಂದು. ದಿನಾಂಕ ಬರೆದು ಕೊಟ್ಟ ಭರವಸೆಯ ತೊಂದರೆಯೇ ಇದು, ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ. ನೂರು ದಿನಗಳ ಆಚೆಗೆ ಏನು ಎಂಬ ಬಗ್ಗೆ ಮೈತ್ರಿಕೂಟದೊಳಗೆ ಒಮ್ಮತವೇ ಇರಲಿಲ್ಲ. ಸಾಲ, ಬೆಲೆ, ತಮಿಳರ ಭೂಮಿ, ಯುದ್ಧದಲ್ಲಿ ಕಾಣೆಯಾದವರ ಪ್ರಶ್ನೆ, ಹೀಗೆ ಗೆಲ್ಲುವುದಕ್ಕಾಗಿ ಮೌನವಾಗಿ ದಾಟಿದ ವಿಷಯಗಳೆಲ್ಲ ಆಳುವಾಗ ಎದುರು ಬಂದು ನಿಂತವು. ಸಿರಿಸೇನ ಮತ್ತು ರನಿಲ್ ನಡುವಿನ ಜಗಳ ಬೆಳೆದು, 2018ರ ಅಕ್ಟೋಬರ್ 26ರಂದು ಸಿರಿಸೇನ ಅವರೇ ರನಿಲ್ ಅವರನ್ನು ತೆಗೆದು ಪ್ರಧಾನಿಯಾಗಿ ನೇಮಿಸಿದ್ದು ಮಹಿಂದ ರಾಜಪಕ್ಸ ಅವರನ್ನು. ಅವರ 2015ರ ಮತದಾರರಿಗೆ ಇದಕ್ಕಿಂತ ಕಟುವಾದ ಉತ್ತರ ಬೇರೊಂದಿರಲಾರದು. ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಡಿಸೆಂಬರ್‌ನಲ್ಲಿ ರನಿಲ್ ಮರಳಿ ಬಂದರೂ ಆ ಸರ್ಕಾರದ ಮೇಲಿನ ನಂಬಿಕೆ ಮರಳಲಿಲ್ಲ.

2019ರ ನವೆಂಬರ್‌ನ ಚುನಾವಣೆಯಲ್ಲಿ ಸಿರಿಸೇನ ಸ್ಪರ್ಧಿಸಲಿಲ್ಲ. ಅದೇ ಹಂಸದ ಚಿಹ್ನೆಯಡಿ ನಿಂತವರು ಆ ಸರ್ಕಾರದ ಸಚಿವ ಸಜಿತ್ ಪ್ರೇಮದಾಸ. ಎದುರಿಗೆ ಗೋಟಬಯ ರಾಜಪಕ್ಸ. ಕುಟುಂಬದ ಆಳ್ವಿಕೆ ಸಾಕು ಎಂಬ ಮಾತು ಐದು ವರ್ಷ ಅಧಿಕಾರದಲ್ಲಿದ್ದವರ ಬಾಯಲ್ಲಿ ಬರುವಂತಿರಲಿಲ್ಲ. ಆ ವರ್ಷದ ಈಸ್ಟರ್ ದಿನದ ಬಾಂಬ್ ಸ್ಫೋಟಗಳ ಬಳಿಕ ಭದ್ರತೆಯ ಪ್ರಶ್ನೆ ಮತ್ತೆ ಅಂಗಳಕ್ಕೆ ಬಂದಿತ್ತು, ಅದನ್ನು ಕೇಳುವವರು ಈಗ ರಾಜಪಕ್ಸ ಪಾಳಯದಲ್ಲಿದ್ದರು. ಗೋಟಬಯ ಅವರಿಗೆ ಶೇ 52.25, ಪ್ರೇಮದಾಸ ಅವರಿಗೆ ಶೇ 41.99. ಜಾಫ್ನಾದಲ್ಲಿ ಪ್ರೇಮದಾಸ ಅವರಿಗೆ ಬಂದ ಪ್ರಮಾಣ ಸಿರಿಸೇನ ಅವರದನ್ನೂ ಮೀರಿತ್ತು. ಆದರೂ ಅವರು ಗೆದ್ದ ಜಿಲ್ಲೆಗಳು ಆರೇ, ಫೊನ್ಸೇಕ 2010ರಲ್ಲಿ ಗೆದ್ದಿದ್ದ ಅದೇ ಆರು.